ಸ್ಪಷ್ಟನೆ: ಚಲನೆ ಮುಂದುವರಿಯಲು ಬಲ ಬೇಕೆಂಬ ಸಾಲು ತಪ್ಪು

ಎಂಟನೇ ತರಗತಿಯ ಮಕ್ಕಳಿಗಾಗಿ ಕಳೆದ ವಾರ ನಾನು ಕಳುಹಿಸಿದ್ದ ಟಿಪ್ಪಣಿಯೊಂದು ಈಗ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅದರಲ್ಲಿರುವ “ಬಲ ನಿಂತ ಕೂಡಲೇ ಚಲಿಸುವ ವಸ್ತು ತಾನಾಗಿಯೇ ನಿಲ್ಲುತ್ತದೆ, ಇದೇ ನ್ಯೂಟನ್ನನ ಮೊದಲನೆಯ ನಿಯಮ” ಎಂಬ ಸಾಲು ತಪ್ಪು.

1687ರಲ್ಲಿ ಪ್ರಕಟವಾದ ಆ ನಿಯಮ ಹೇಳುವುದು ಇದರ ವಿರುದ್ಧವನ್ನೇ: ಹೊರಗಿನ ಅಸಮತೋಲಿತ ಬಲ (ಎದುರು ಬಲದಿಂದ ಸರಿದೂಗದ ಬಲ) ವರ್ತಿಸದ ಹೊರತು ನಿಶ್ಚಲ ವಸ್ತು ನಿಶ್ಚಲವಾಗಿಯೇ ಉಳಿಯುತ್ತದೆ, ಚಲಿಸುವ ವಸ್ತು ಅದೇ ವೇಗದಲ್ಲಿ ಸರಳರೇಖೆಯಲ್ಲಿ ಸಾಗುತ್ತಲೇ ಇರುತ್ತದೆ.

ಗೊಂದಲಕ್ಕೆ ಕಾರಣ ಘರ್ಷಣೆ, ಅಂದರೆ ಒಂದಕ್ಕೊಂದು ಉಜ್ಜುವ ಮೇಲ್ಮೈಗಳ ನಡುವೆ ಚಲನೆಯನ್ನು ತಡೆಯುವ ಬಲ. ಅದು ಕಣ್ಣಿಗೆ ಕಾಣುವುದಿಲ್ಲವಲ್ಲ. ನಮ್ಮ ಟೊಮೆಟೊ ಮಂಡಿಯಲ್ಲಿ 15 ಕಿಲೋ ಕ್ರೇಟನ್ನು ಸಿಮೆಂಟು ನೆಲದ ಮೇಲೆ ನೂಕಿ ಕೈಬಿಟ್ಟರೆ ಅದು ಸ್ವಲ್ಪ ದೂರ ಜಾರಿ, ಕರ್ರೆಂದು ಸದ್ದು ಮಾಡಿ ನಿಲ್ಲುತ್ತದೆ. ಅದೇ ಕ್ರೇಟನ್ನು ತಳ್ಳುಗಾಡಿಯ ಮೇಲಿಟ್ಟು ನೂಕಿ ಬಿಟ್ಟರೆ ಬಹುದೂರ ಹೋಗುತ್ತದೆ. ಕೈಬಿಟ್ಟ ಮೇಲೆ ಎರಡಕ್ಕೂ ಮುಂದಕ್ಕೆ ತಳ್ಳುವ ಬಲವಿಲ್ಲ, ತಡೆಯುವ ಬಲದಲ್ಲಿ ಮಾತ್ರ ವ್ಯತ್ಯಾಸವಿದೆ. ನೆಲದ ಮೇಲೆ ಜಾರುತ್ತಿರುವ ಕ್ರೇಟನ್ನು 60 ನ್ಯೂಟನ್ ಬಲದಿಂದ ತಳ್ಳುತ್ತಿರುವಾಗ ಘರ್ಷಣೆಯೂ 60 ನ್ಯೂಟನ್ ಇದ್ದರೆ ನಿವ್ವಳ ಬಲ (ಒಂದರಿಂದ ಇನ್ನೊಂದನ್ನು ಕಳೆದು ಉಳಿಯುವ ಬಲ) ಸೊನ್ನೆಯಾಗುತ್ತದೆ, ಆದರೂ ಕ್ರೇಟು ನಿಲ್ಲದೆ ಒಂದೇ ವೇಗದಲ್ಲಿ ಸಾಗುತ್ತದೆ. ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲಿಯೇ. 1977ರಲ್ಲಿ ಹಾರಿದ ವಾಯೇಜರ್ 1 ಬಾಹ್ಯಾಕಾಶ ನೌಕೆಯು ಮುಂದಕ್ಕೆ ದೂಡುವ ಎಂಜಿನ್ ಇಲ್ಲದೆಯೇ ಇಂದಿಗೂ ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಸೂರ್ಯನಿಂದ ದೂರ ಸಾಗುತ್ತಿದೆ.

ದಯವಿಟ್ಟು ಹಳೆಯ ಟಿಪ್ಪಣಿಯನ್ನು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ. ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದರೆ ಆ ಸಾಲನ್ನು ಹೊಡೆದುಹಾಕಿಸಿ.