ಹಳ್ಳಿಯಲ್ಲಿ ಖರ್ಚು ನಿಂತಿರಲಿಲ್ಲ

"ಕೋವಿಡ್ ಕಾಲದಲ್ಲಿ ಹಳ್ಳಿಯವರಿಗೆ ಖರ್ಚೇ ಇರಲಿಲ್ಲ, ದುಡ್ಡೆಲ್ಲ ಉಳೀತು" ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ಬಟ್ಟೆ, ಓಡಾಟ, ಸಮಾರಂಭಗಳ ಖರ್ಚು ಇಳಿಯಿತು, ನಿಜ. ಆದರೆ 2020ರಲ್ಲಿ ಪಟ್ಟಣಗಳು ಮುಚ್ಚಿದಾಗ ದುಡಿಯಲು ಹೋಗಿದ್ದ ಎಷ್ಟೋ ಜನ ಊರಿಗೆ ಮರಳಿದರು, ಅವರು ತಿಂಗಳಿಗೊಮ್ಮೆ ಕಳಿಸುತ್ತಿದ್ದ ಹಣ ನಿಂತಿತು, ಮನೆಯಲ್ಲಿ ಉಣ್ಣುವ ಬಾಯಿ ಮಾತ್ರ ಜಾಸ್ತಿಯಾಯಿತು. ಆದಾಯ ಕಡಿಮೆಯಾದಷ್ಟೂ ಖರ್ಚಿನಲ್ಲಿ ಊಟದ ಪಾಲು ಹೆಚ್ಚುತ್ತದೆ ಅಂತ ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದರು, ಅಲ್ವಾ? ಜೊತೆಗೆ ಸೋಪು, ಮಾಸ್ಕ್, ಔಷಧಿ. ಒಂದೇ ಫೋನು, ಮೂರು ಮಕ್ಕಳು, ಸರದಿ ಪ್ರಕಾರ ಪಾಠ. ಅದರ ರೀಚಾರ್ಜಿಗೂ ಸಾಲ ಮಾಡಿದವರಿದ್ದಾರೆ. ಕೆಲವರು ಸ್ವಲ್ಪ ನಗದು ಎತ್ತಿಟ್ಟಿದ್ದು ಹೌದು. ಅದು ನಾಳೆ ಯಾರಾದರೂ ಆಸ್ಪತ್ರೆ ಸೇರಿದರೆ ಅನ್ನೋ ಭಯಕ್ಕೆ. ಅದನ್ನು ಸುಮ್ನೆ ಉಳಿತಾಯ ಅನ್ನಬೇಡಿ.