ಹಿಂದಕ್ಕೆ ಹಾರುವ ವಿಮಾನ

ರೈಟ್ ಸಹೋದರರು 1903ರಲ್ಲಿ ವಿಮಾನ ಹಾರಿಸಿದ ದಿನ, ಡಿಸೆಂಬರ್ 17, ಹತ್ತಿರ ಬಂತೆಂದರೆ ಮೊಬೈಲಿಗೆ ಆ ಸಂದೇಶವೂ ತಪ್ಪದೆ ಬರುತ್ತದೆ. ರೈಟ್ ಸಹೋದರರಿಗಿಂತ ಎಂಟು ವರ್ಷ ಮೊದಲೇ, 1895ರಲ್ಲಿ, ಮುಂಬಯಿಯ ಚೌಪಾಟಿಯಲ್ಲಿ ಶಿವಕರ ಬಾಪೂಜಿ ತಲಪಡೆ ವಿಮಾನ ಹಾರಿಸಿದ್ದರಂತೆ. ಅದು 1,500 ಅಡಿ ಮೇಲೇರಿತ್ತಂತೆ, ಮರಾಠಿ ಪತ್ರಿಕೆ ‘ಕೇಸರಿ’ಯಲ್ಲಿ ಸುದ್ದಿಯೂ ಬಂದಿತ್ತಂತೆ. ಆ ಸಂಚಿಕೆ ಎಲ್ಲಿ ಎಂದು ಕೇಳಿದವನು ದೇಶದ್ರೋಹಿ. 2017ರಲ್ಲಿ ಕೇಂದ್ರದ ರಾಜ್ಯ ಸಚಿವರೊಬ್ಬರು, ಅದೂ ಶಿಕ್ಷಣ ನೋಡಿಕೊಳ್ಳುವ ಖಾತೆಯವರು, ನಮ್ಮ ವಿದ್ಯಾರ್ಥಿಗಳಿಗೆ ಇದನ್ನೇಕೆ ಹೇಳಿಕೊಡುವುದಿಲ್ಲ ಎಂದು ಮರುಗಿದರು.

ಇದು ನಮ್ಮೊಬ್ಬರ ಕಾಯಿಲೆ ಎಂದು ಕೊರಗಬೇಕಾಗಿಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದವರಿಗೆ 1901ರಲ್ಲೇ ತಮ್ಮ ಗುಸ್ತಾವ್ ವೈಟ್‌ಹೆಡ್ ಹಾರಿದ್ದರೆಂಬ ನಂಬಿಕೆ. ನಂಬುವಂಥ ಫೋಟೊ ಸಿಗಲಿಲ್ಲ. ಸಿಗದಿದ್ದರೇನು, 2013ರಲ್ಲಿ ಶಾಸನಸಭೆ ಕಾನೂನನ್ನೇ ಮಾಡಿತು: ಮೊದಲು ಹಾರಿದವರು ವೈಟ್‌ಹೆಡ್, ಅವರ ಗೌರವಕ್ಕೆ ವರ್ಷಕ್ಕೊಂದು ದಿನ. ಅದೇ ಕಾಯ್ದೆಯಲ್ಲಿ ರಾಜ್ಯಕ್ಕೊಂದು ಅಧಿಕೃತ ಪೋಲ್ಕಾ ಕುಣಿತದ ಹಾಡನ್ನೂ ಗೊತ್ತುಮಾಡಿದರು. ಗುರುತ್ವಾಕರ್ಷಣೆಯನ್ನು ಬಹುಮತದಿಂದ ಸೋಲಿಸಬಹುದೆಂದು ಪಾಪ, ನ್ಯೂಟನ್‌ಗೆ ಹೊಳೆದಿರಲಿಲ್ಲ.

ರೈಟ್ ಸಹೋದರರ ವಾರಸುದಾರರೇನು ಕಡಿಮೆಯೇ? ಅವರ ಮನೆಯಿದ್ದದ್ದು ಒಹಾಯೊದಲ್ಲಿ, ಹಾರಿದ್ದು ನಾರ್ತ್ ಕೆರೊಲಿನಾದಲ್ಲಿ. ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಅಷ್ಟನ್ನು ಇಟ್ಟುಕೊಂಡು ಎರಡೂ ರಾಜ್ಯಗಳು ವಾಹನಗಳ ನಂಬರ್ ಪ್ಲೇಟಿನ ಮೇಲೆ ಜಗಳವಾಡುತ್ತಿವೆ. 2021ರಲ್ಲಿ ಒಹಾಯೊ ಸರ್ಕಾರ ಹೊಸ ಪ್ಲೇಟನ್ನು ಅನಾವರಣಗೊಳಿಸಿತು. ವಿಮಾನದ ಹಿಂದೆ ಹಾರಾಡಬೇಕಿದ್ದ ಬ್ಯಾನರನ್ನು ಚಿತ್ರದಲ್ಲಿ ಅದರ ಮೂತಿಗೆ ಕಟ್ಟಿದ್ದರು. ಅಂದರೆ ವಿಮಾನ ಹಿಂದಕ್ಕೆ ಹಾರುತ್ತಿತ್ತು. ಅಷ್ಟರಲ್ಲಿ ಸುಮಾರು 35,000 ಪ್ಲೇಟುಗಳು ತಯಾರಾಗಿದ್ದವು. ‘ಒಹಾಯೊದವರನ್ನು ಬಿಟ್ಟುಬಿಡಿ, ಅವರಿಗೆ ಹೇಗೆ ಗೊತ್ತಾಗಬೇಕು, ಅವರು ಅಲ್ಲಿರಲಿಲ್ಲವಲ್ಲ’ ಎಂದು ನಾರ್ತ್ ಕೆರೊಲಿನಾದ ಸಾರಿಗೆ ಇಲಾಖೆ ಕುಟುಕಿತು.

ಒಹಾಯೊದವರು ತೆಪ್ಪಗೆ ತಿದ್ದಿಕೊಂಡರು. ನಮ್ಮ ಪಂಡಿತರನ್ನು ಕೇಳಿದ್ದರೆ ತಿದ್ದುವ ಅಗತ್ಯವೇ ಇರುತ್ತಿರಲಿಲ್ಲ. 2015ರ ಜನವರಿಯಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ, ನಮ್ಮ ಪ್ರಾಚೀನ ವಿಮಾನಗಳು ಎಡಕ್ಕೆ, ಬಲಕ್ಕೆ, ಹಿಂದಕ್ಕೂ ಹಾರುತ್ತಿದ್ದವು, ಗ್ರಹದಿಂದ ಗ್ರಹಕ್ಕೂ ಹೋಗುತ್ತಿದ್ದವು ಎಂದು ಪ್ರಬಂಧವೇ ಮಂಡನೆಯಾಯಿತು. ಚಾಲಕರು ಎಮ್ಮೆ, ಹಸು, ಕುರಿಗಳ ಹಾಲನ್ನು ಯಾವ ಯಾವ ಅವಧಿಯಲ್ಲಿ ಕುಡಿಯಬೇಕೆಂಬ ವಿವರವೂ ಇತ್ತು. ಎಂಜಿನ್ ಏನು ಕುಡಿಯುತ್ತಿತ್ತು ಎಂದು ಕೇಳಬಾರದು.

ಇದಕ್ಕೆಲ್ಲ ಆಧಾರ ‘ವೈಮಾನಿಕ ಶಾಸ್ತ್ರ’. ಭರದ್ವಾಜ ಮಹರ್ಷಿಯ ಹೆಸರಿನಲ್ಲಿರುವ ಈ ಗ್ರಂಥ ಹೊರಬಂದದ್ದು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳ ಬಾಯಿಂದ. ಹೆಮ್ಮೆಪಡೋಣ, ರೋಗವೂ ಇಲ್ಲಿಯದೇ, ಮದ್ದೂ ಇಲ್ಲಿಯದೇ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು, ಒಟ್ಟು ಐವರು, ಈ ಪುಸ್ತಕವನ್ನು ಎದುರಿಗಿಟ್ಟುಕೊಂಡು ಕೂತರು. ಗೇಲಿ ಮಾಡಲಿಲ್ಲ. ಶ್ಲೋಕಗಳ ಭಾಷೆ ನೋಡಿದರು, ನಕ್ಷೆಗಳನ್ನು ನೋಡಿದರು, ಲೆಕ್ಕ ಹಾಕಿದರು. ಗ್ರಂಥ 1904ಕ್ಕಿಂತ ಹಳೆಯದಲ್ಲ, ಇದರಲ್ಲಿರುವ ವಿಮಾನಗಳಲ್ಲಿ ಒಂದೂ ಹಾರಲಾರದು ಎಂದು ಬರೆದರು. ತಲಪಡೆಯವರು ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಕಟ್ಟಿದ್ದು ಹಾರಲಿಲ್ಲ ಎಂಬುದೂ ಅಲ್ಲೇ ಇದೆ.

ಅಲ್ಲಿಗೆ ಮುಗಿಯಬೇಕಿತ್ತು. ಐವರು ವಿದ್ವಾಂಸರು ತಾಳ್ಮೆಯಿಂದ ಮಾಡಿದ ಕೆಲಸವನ್ನು ತಿರುವಿಯೂ ನೋಡದೆ, 41 ವರ್ಷಗಳ ನಂತರ ಅದೇ ಪುಸ್ತಕಕ್ಕೆ ವಿಜ್ಞಾನದ ಹೆಸರಿನ ವೇದಿಕೆಯನ್ನೇ ಬಿಟ್ಟುಕೊಟ್ಟರಲ್ಲ, ಇದಕ್ಕೆ ನಗು ಬರುವುದಿಲ್ಲ. ಸಾಕಾಗಿದೆ. ಪ್ರಯೋಗ ಮಾಡಿ ಸೋತ ತಲಪಡೆಯವರಿಗೂ ಇದು ಅವಮಾನ. ಅವರ ಸೋಲಿನಲ್ಲಿದ್ದ ಮರ್ಯಾದೆ ಈ ಗೆಲುವಿನಲ್ಲಿಲ್ಲ.

ಎಂಜಿನ್ ಬಲದಿಂದ ಜಗತ್ತಿಗೇ ಮೊದಲು ಹಾರಿದ ಈ ದೇಶದ ಯುದ್ಧವಿಮಾನ ತೇಜಸ್ ಇಂದಿಗೂ ಹಾರುವುದು ಅಮೆರಿಕದ ಎಂಜಿನ್ನಿನಿಂದ. ತೇಜಸ್‌ಗೆಂದೇ ಬೆಂಗಳೂರಿನಲ್ಲಿ ಕೈಗೆತ್ತಿಕೊಂಡ ಕಾವೇರಿ ಎಂಜಿನ್ನಿಗೆ ಬೇಕಾದಷ್ಟು ನೂಕುಬಲ ಬರಲಿಲ್ಲ. ಎತ್ತರದ ಹಾರಾಟದ ಪರೀಕ್ಷೆಗೆ ಅದನ್ನು ರಷ್ಯಾಕ್ಕೆ ಕಳಿಸಬೇಕಾಯಿತು, ಅಂಥ ಪರೀಕ್ಷಾ ಸೌಲಭ್ಯ ನಮ್ಮಲ್ಲಿರಲಿಲ್ಲ. ಏಕಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡಿ ಎಂದು ಮಾತ್ರ ಯಾವ ಸಚಿವರೂ ಮರುಗುವುದಿಲ್ಲ.