ಟ್ಯಾಬ್ ಇದ್ರೆ ಕಂಪ್ಯೂಟರ್ ಬೇಡ್ವಾ?

ಟ್ಯಾಬ್‌ಗೆ ಒಂದು ಕೀಬೋರ್ಡ್ ಹಾಕ್ಬಿಟ್ರೆ ಕಂಪ್ಯೂಟರ್ ಬೇಕೇ ಆಗಲ್ಲ ಅನ್ನೋ ಫಾರ್ವರ್ಡ್ ಮತ್ತೆ ಮತ್ತೆ ಬರ್ತಿರತ್ತೆ. ಮೇಲ್, ವಿಡಿಯೋ ಕ್ಲಾಸ್, ಓದೋದಕ್ಕೆಲ್ಲ ನಿಜಕ್ಕೂ ಟ್ಯಾಬ್ ಸಾಕು, ಆದ್ರೆ ಎಲ್ಲಾ ಕೆಲಸಕ್ಕೂ ಅನ್ನೋದು ತಪ್ಪು. ಇಲ್ಲಿ ತೊಂದರೆ ಇರೋದು ಸ್ಪೀಡಿಂದಲ್ಲ, 2021ರ ಆಪಲ್ ಟ್ಯಾಬ್ ಐಪ್ಯಾಡ್ ಪ್ರೋದಲ್ಲಿ ಆಪಲ್ ಕಂಪ್ಯೂಟರ್ ಆದ ಮ್ಯಾಕ್‌ನಲ್ಲಿದ್ದ ಎಂ1 ಚಿಪ್ಪೇ ಇತ್ತು, ಆದ್ರೂ ಮ್ಯಾಕ್ ಸಾಫ್ಟ್‌ವೇರ್ ಅದರಲ್ಲಿ ನಡೆಯಲ್ಲ ಯಾಕಂದ್ರೆ ಆಪರೇಟಿಂಗ್ ಸಿಸ್ಟಮ್ಮೇ (ಇಡೀ ಸಾಧನ ನಡೆಸೋ ಮೂಲ ಸಾಫ್ಟ್‌ವೇರ್) ಬೇರೆ. ಅಂಗಡಿ ಲೆಕ್ಕದ ಟ್ಯಾಲಿ ಕೂಡ ವಿಂಡೋಸ್‌ಗೆ ಮಾಡಿದ್ದು, ಆಂಡ್ರಾಯ್ಡ್ ಟ್ಯಾಬಲ್ಲಿ ನೇರವಾಗಿ ಇನ್‌ಸ್ಟಾಲ್ ಆಗಲ್ಲ. (ವಿಂಡೋಸ್ ಟ್ಯಾಬ್ ಆದ್ರೆ ಮಾತೇ ಬೇರೆ, ಅದು ಕಂಪ್ಯೂಟರೇ.) ಮಕ್ಕಳ ಓದಿಗೆ ಅಂತ ಕಷ್ಟಪಟ್ಟು ದುಡ್ಡು ಹಾಕೋರು ದಯವಿಟ್ಟು ಮೊದಲು ನಿಮಗೆ ಬೇಕಾದ ಸಾಫ್ಟ್‌ವೇರ್ ಮಾಡಿದವರ ವೆಬ್‌ಸೈಟಲ್ಲೇ ಸಿಸ್ಟಮ್ ರಿಕ್ವೈರ್‌ಮೆಂಟ್ಸ್ (ಅದು ಯಾವ ಸಾಧನದಲ್ಲಿ ನಡೆಯತ್ತೆ ಅನ್ನೋ ವಿವರ) ನೋಡಿ, ಆಮೇಲೆ ಅಂಗಡಿಯಲ್ಲೇ ಆ ಟ್ಯಾಬಲ್ಲಿ ಆ್ಯಪ್ ಓಪನ್ ಮಾಡಿ ನಿಮ್ಮದೇ ಒಂದು ಫೈಲ್ ಎಡಿಟ್ ಮಾಡಿ, ಪ್ರಿಂಟ್ ಕೊಟ್ಟು ನೋಡಿ.